ಪುಕ್ಕಟೆ ಆ್ಯಪಿನ ಪರವಾಗಿ ಎರಡು ಮಾತು

ಹಾಡಿನ ನಡುವೆ ಜಾಹೀರಾತು ಬಂದರೆ ನನಗೆ ಖುಷಿಯಾಗುತ್ತದೆ. ನೀವು ನಗುತ್ತೀರಿ ಎಂದು ಗೊತ್ತು, ನಗಿರಿ. ನಮ್ಮ ಮನೆಯಲ್ಲೂ ಎಲ್ಲರೂ ನಕ್ಕವರೇ. ಹಾಡು ಒಳ್ಳೆಯ ಏರಿನಲ್ಲಿರುತ್ತದೆ, ಕೊಳಲಿನವನು ಇನ್ನೇನು ಮೇಲಿನ ಸ್ವರ ಹಿಡಿಯಬೇಕು, ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದು, ನಿಮ್ಮ ಮನೆಯ ಗೋಡೆಗೆ ಯಾವ ಬಣ್ಣ ಹಚ್ಚಿಸಿದ್ದೀರಿ ಎಂದು ಕೇಳುತ್ತಾಳೆ. ಬೇರೆಯವರು ಹಲ್ಲು ಕಡಿಯುತ್ತಾರೆ. ನಾನು ಸೆರಗನ್ನು ಸೊಂಟಕ್ಕೆ ಸಿಗಿಸಿ ಸಜ್ಜಾಗುತ್ತೇನೆ. ಯಾತಕ್ಕೆ ಸಜ್ಜಾಗುತ್ತೇನೆ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಡುವೆ ದಾರಿ ಬಿಟ್ಟು ಆಕಡೆ ಈಕಡೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಕಲಬುರಗಿಯವಳು. ನಮ್ಮಲ್ಲಿ ಒಬ್ಬರ ಮನೆ ಮುಟ್ಟಬೇಕಾದರೆ ದಾರಿಯಲ್ಲಿ ಇನ್ನೊಬ್ಬರ ಮನೆಯ ಚಹಾ ಕುಡಿದೇ ಹೋಗಬೇಕಾಗುತ್ತದೆ.

ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಇರುವುದು ಮೂವರು. ನಾನು, ನಮ್ಮ ಮನೆಯವರು, ಮಗಳು ಸ್ನೇಹಾ. ಮನೆಯವರು ವಕೀಲರು. ಕೋರ್ಟಿನಲ್ಲಿ ಎಷ್ಟು ಮಾತಾಡುತ್ತಾರೋ ನಾನು ನೋಡಿಲ್ಲ, ಮನೆಯಲ್ಲಂತೂ ಊಟದ ತಾಟಿನ ಮುಂದೆ ಕೂತು ಉಪ್ಪಿನಕಾಯಿಯ ಮೇಲೂ ವಾದ ಮಾಡಬಲ್ಲರು. ಸ್ನೇಹಾ ಕಾಲೋನಿಯ ಒಂದು ಕ್ಲಿನಿಕ್ಕಿನಲ್ಲಿ ಜನರ ಮೊಣಕಾಲು, ಭುಜ ತಿರುವಿ ನೋವು ಬಿಡಿಸುವ ಕೆಲಸ ಮಾಡುತ್ತಾಳೆ. ಈ ಅಪ್ಪ ಮಗಳಿಗೆ ಹಾಡಿನ ಹುಚ್ಚು ಒಂದೇ, ಹಾಡು ಕೇಳುವ ಆ್ಯಪು ಮಾತ್ರ ಬೇರೆ ಬೇರೆ. ಆ ಆ್ಯಪುಗಳ ಹೆಸರು ನಾನು ಹೇಳುವುದಿಲ್ಲ. ಹೆಸರು ಹೇಳುವ ವಿಷಯದಲ್ಲಿ ನನ್ನ ತಾಪತ್ರಯ ಏನು ಎಂದು ನಿಮಗೆ ಮುಂದೆ ತಿಳಿಯುತ್ತದೆ. ಸದ್ಯಕ್ಕೆ ಮಗಳದು, ಅವರದು, ನನ್ನದು ಎಂದೇ ಕರೆಯೋಣ.

ಮಗಳದೂ ಅವರದೂ ರೊಕ್ಕ ಕೊಟ್ಟು ಕೇಳುವಂಥವು. ನನ್ನದು ಪುಕ್ಕಟೆ. ಮೊಬೈಲಿನ ಜೊತೆಗೇ ಬಂದದ್ದು, ಸೀರೆಯ ಜೊತೆ ಬರುವ ರವಿಕೆ ಬಟ್ಟೆಯ ಹಾಗೆ. ಹೋದ ವರ್ಷ ಈ ಕಂಪನಿಗಳು ಹೊಸ ಆಸೆ ಹಚ್ಚಿದವು. ಇಡೀ ಮನೆಗೆ ಒಂದೇ ಪ್ಲಾನ್ ತೆಗೆದುಕೊಳ್ಳಿ, ಎಲ್ಲರ ಫೋನಿನಲ್ಲೂ ಹಾಡು ಕೇಳಿ ಎಂದವು. ಸರಿ, ಮನೆಗೆ ಒಂದೇ ಆದರೆ ಯಾವುದು? ಅಲ್ಲಿಂದ ಶುರುವಾಯಿತು ಮಹಾಯುದ್ಧ. ಅಪ್ಪನದು ಒಂದು ವೋಟು, ಮಗಳದು ಒಂದು ವೋಟು. ಸಂಸಾರ ಕಟ್ಟಿಕೊಂಡು ಇಷ್ಟು ವರ್ಷವಾದ ಮೇಲೆ ಮೊದಲ ಸಲ ನನ್ನ ವೋಟಿಗೆ ಬೆಲೆ ಬಂತು.

"ಮಮ್ಮಿ, ನನ್ನ ಆ್ಯಪ್ ಸುಮ್ನ ಹಾಡಂಗಿಲ್ಲ. ನಿನ್ನ ಮನಸ್ಸು ಹೆಂಗದ ಅಂತ ತಿಳ್ಕೊಂಡು, ಅದಕ್ಕ ತಕ್ಕ ಹಾಡು ತಾನೇ ಹುಡುಕಿ ಹಚ್ತದ," ಎಂದಳು ಮಗಳು.

"ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಆಕಿ ಮನಸ್ಸು ತಿಳಿದಿಲ್ಲ. ನಿನ್ನ ಆ್ಯಪಿಗೆ ತಿಳೀತದೇನು?" ಎಂದರು ಇವರು.

"ಅದಕ್ಕೇ ಪಪ್ಪಾ, ಆ್ಯಪ್ ಬೇಕಾಗ್ಯಾದ."

ಇವರು ತಾಟು ಸರಿಸಿ ತಮ್ಮ ವಾದ ಹೂಡಿದರು. ತಮ್ಮದರಲ್ಲಿ ಹಳೆಯ ಹಾಡುಗಳೆಲ್ಲ ಇವೆ, ಹಾಡುತ್ತಿರುವಾಗ ಸಾಹಿತ್ಯ ಪರದೆಯ ಮೇಲೆ ಬರುತ್ತದೆ, ದನಿ ಸ್ವಚ್ಛ, ಹಾಡುವವರ ಕಂಠದಲ್ಲಿ ಕಫ ಇದ್ದರೂ ಕೇಳುತ್ತದೆ ಎಂದರು. ಕಂಠದ ಕಫ ನನಗ್ಯಾಕೆ ಕೇಳಬೇಕೋ ತಿಳಿಯಲಿಲ್ಲ. ಆದರೂ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದರು. ನನ್ನ ಪುಕ್ಕಟೆ ಆ್ಯಪು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ. "ಹಾಡಿಗೊಂದು ಜಾಹೀರಾತು! ಮಮ್ಮಿ, ನಿನಗ ತ್ರಾಸ ಆಗಂಗಿಲ್ಲೇನು?" ಎಂದು ಮಗಳು ಕನಿಕರಪಟ್ಟಳು.

ತ್ರಾಸವೇ? ನಾನು ಬೆಳೆದದ್ದು ಎಲ್ಲಿ ಎಂದು ಅವಳಿಗೆ ಗೊತ್ತಿಲ್ಲ. ಖೂಬಾ ಪ್ಲಾಟಿನ ನನ್ನ ತವರುಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಓಣಿಯ ಮೂಲೆಯಲ್ಲಿ ಬಷೀರ್ ಸಾಬರ ಕ್ಯಾಸೆಟ್ ಅಂಗಡಿ. ಖಾಲಿ ಕ್ಯಾಸೆಟ್ ಒಯ್ದು ಕೊಟ್ಟು, ಇಂಥಿಂಥ ಹಾಡು ತುಂಬಿಸಿಕೊಡಿ ಎಂದು ಬಾಯಲ್ಲಿ ಹೇಳಿ ಬರಬೇಕು. ಅವರು ನಾವು ಹೇಳಿದ್ದರಲ್ಲಿ ಅರ್ಧ ತುಂಬಿಸಿ, ಉಳಿದರ್ಧ ತಮಗೆ ಚಂದ ಕಂಡದ್ದನ್ನು ಹಾಕುತ್ತಿದ್ದರು. ಕೇಳಿದರೆ, "ಬೇಟಿ, ನೀ ಹೇಳಿದ ಹಾಡು ಚಲೋ ಇಲ್ಲ, ಇದು ಕೇಳು, ಅಂದ್ರ ನಿನಗ ಅಕಲ್ ಬರ್ತದ," ಎನ್ನುತ್ತಿದ್ದರು. ಮನಸ್ಸು ತಿಳಿದು ಹಾಡು ಹಾಕುವ ವಿದ್ಯೆಯನ್ನು ಮಗಳ ಕಂಪನಿಯವರು ಕಂಡುಹಿಡಿದದ್ದಲ್ಲ, ನಮ್ಮ ಬಷೀರ್ ಸಾಬರು ಎಂದೋ ಕಂಡುಹಿಡಿದು ಬಿಟ್ಟಿದ್ದರು.

ಅಷ್ಟೇ ಅಲ್ಲ, ಎರಡು ಹಾಡಿನ ನಡುವೆ ಬಷೀರ್ ಸಾಬರು ತಮ್ಮ ದನಿಯನ್ನೂ ತುಂಬಿಸುತ್ತಿದ್ದರು. ಹಾಡು ಮುಗಿಯುತ್ತಲೂ ಒಂದು ಕೆಮ್ಮು, ಆಮೇಲೆ ಗಂಭೀರವಾಗಿ, "ಬಷೀರ್ ಕ್ಯಾಸೆಟ್ ಸೆಂಟರ್, ಖೂಬಾ ಪ್ಲಾಟ್. ಸುನ್ತೇ ರಹೋ." ನನ್ನ ಅವ್ವ ಈ ದನಿ ಬಂದಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಗಂಡಸರು ಯಾರೋ ಒಳಗೆ ಬಂದರು ಎಂದೇ ಅವಳ ಕೈ ತಿಳಿಯುತ್ತಿತ್ತು. ಅದು ಟೇಪಿನೊಳಗಿನ ದನಿ ಅವ್ವಾ ಎಂದು ನಾವು ನಕ್ಕರೆ, "ಟೇಪಿನ್ಯಾಗ ಇದ್ರೇನಾತು, ಗಂಡಸರು ಗಂಡಸರೇ," ಎನ್ನುತ್ತಿದ್ದಳು. ಇಂಥ ಮನೆಯಲ್ಲಿ ಬೆಳೆದವಳಿಗೆ ಹಾಡಿನ ನಡುವೆ ಯಾರಾದರೂ ಮಾತಾಡದೇ ಹೋದರೇ ಏನೋ ಕಳೆದುಕೊಂಡಂತೆ ಆಗುತ್ತದೆ.

ಇರಲಿ. ಹೆಸರಿನ ತಾಪತ್ರಯ ಹೇಳುತ್ತೇನೆಂದೆನಲ್ಲ, ಈಗ ಹೇಳಿಬಿಡುತ್ತೇನೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಲೇಬೇಕಾದರೆ ಎರಡು ಮೂರು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಇದಕ್ಕೆ ಒಡಪು ಎನ್ನುತ್ತೇವೆ. ಹೊಸ ಸೊಸೆ ಮನೆ ತುಂಬುವಾಗ ಗಂಡನ ತಂಗಿ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ನಿಲ್ಲುತ್ತಾಳೆ. ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಅಂಗಳದಲ್ಲಿ. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕರೆದರೂ ಮದುವೆಯ ದಿನ ಹೊಸ್ತಿಲಲ್ಲಿ ಈ ಪದ್ಧತಿ ಇನ್ನೂ ತಪ್ಪಿಲ್ಲ.

ಇವರ ಊರು ಕಮಲಾಪುರ, ಕೆಂಪು ಬಾಳೆಯ ಕಮಲಾಪುರ. ಮದುವೆಯಾಗಿ ನಾನು ಆ ಮನೆಯ ಹೊಸ್ತಿಲ ಮುಂದೆ ನಿಂತಾಗ ನನ್ನ ಕಾಕಿ ಕಲಿಸಿಕೊಟ್ಟ ಒಂದು ಒಡಪು ನಾಲಗೆಯ ತುದಿಯಲ್ಲೇ ಇತ್ತು. ಎದುರಿಗೆ ನಾದಿನಿ ಸುಲೋಚನಾ, ಆಗ ಎರಡು ಜಡೆಯ ಹುಡುಗಿ, ಕೈ ಚಾಚಿ ನಿಂತಿದ್ದಳು. "ಹೇಳು ವೈನಿ, ಅಣ್ಣನ ಹೆಸರು ಹೇಳು!" ನಾನು ಬಾಯಿ ತೆರೆದೆ. ಗಾಳಿ ಬಂತು. ಮತ್ತೆ ತೆರೆದೆ. ಮತ್ತೂ ಗಾಳಿಯೇ ಬಂತು. ಬೀಗರು, ಬಿಜ್ಜರು, ಬ್ಯಾಂಡಿನವರು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಅತ್ತೆಯವರು, "ಬಿಡವ್ವಾ ಸುಲು, ಹುಡುಗಿ ಬೆವತಾಳ. ನಾಳಿ ಹೇಳ್ತಾಳ," ಎಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡರು.

ಆ ನಾಳೆ ಮೂವತ್ತು ವರ್ಷ ಬರಲೇ ಇಲ್ಲ. ಸುಲೋಚನಾ ಅವತ್ತೇ ನನಗೊಂದು ಹೆಸರಿಟ್ಟಳು: ತಿಕೀಟಿಲ್ಲದ ವೈನಿ. ತಿಕೀಟು ತೆಗೆಸದೇ ಬಸ್ಸಿನಲ್ಲಿ ಕೂತವಳು ಎಂದು ಅರ್ಥ. ನಾಮಕರಣವಿರಲಿ, ಬಸುರಿಯ ಕುಬಸವಿರಲಿ, ಹೊಸ ಮನೆಯ ಪೂಜೆಯಿರಲಿ, ಹೆಂಗಸರು ಒಡಪಿಗೆ ಕೂತರೆಂದರೆ ನಾನು ಅಡಿಗೆಮನೆಗೆ ನುಗ್ಗಿ ಯಾರೂ ಕೇಳದಿದ್ದರೂ ಸಾರಿಗೆ ಒಗ್ಗರಣೆ ಹಾಕಲು ನಿಲ್ಲುತ್ತಿದ್ದೆ. ಒಂದು ಸಾರಿಗೆ ಎರಡೆರಡು ಒಗ್ಗರಣೆ ಬಿದ್ದದ್ದೂ ಉಂಟು. ಹೊರಗಿನಿಂದ ಸುಲೋಚನಾ ಕೂಗುವಳು, "ನಮ್ಮ ತಿಕೀಟಿಲ್ಲದ ವೈನಿ ಎಲ್ಲಿ ಇಳಿದು ಹೋದ್ಳು ನೋಡ್ರಿ!" ಎಲ್ಲರೂ ನಗುವರು, ನಾನೂ ನಗುವೆನು. ಆದರೆ ನಿಜ ಹೇಳಲೇ? ಒಳಗೆ ಉರಿಯುತ್ತಿತ್ತು. ನಕ್ಕು ನಕ್ಕು ಸಾಕಾಗಿತ್ತು ನನಗೆ.

ಈ ಆ್ಯಪಿನ ಜಗಳ ನಡೆದ ಚಳಿಗಾಲದಲ್ಲೇ ಸುಲೋಚನಾಳ ಫೋನು ಬಂತು. ಅವಳ ಮಗನ ಮದುವೆ ನಿಶ್ಚಯವಾಗಿತ್ತು. ಬೇಸಿಗೆಯಲ್ಲಿ, ಕಮಲಾಪುರದಲ್ಲೇ, ಅದೇ ಊರಿಗೆ ಕೊಟ್ಟಿದ್ದ ಅವಳ ಮನೆಯ ಮುಂದೆ ಹಂದರ ಹಾಕಿ. ಶುಭ ಸಮಾಚಾರ ಎಲ್ಲ ಹೇಳಿ ಮುಗಿಸಿ ಕೊನೆಗೆ ಅಂದಳು:

"ವೈನಿ, ಅವತ್ತು ಬಾಗಿಲಾಗ ನಾನೇ ನಿಂದ್ರಾಕಿ. ಸೊಸಿಗಿಂತ ಮೊದಲ ನಿಂದೇ ಪಾಳಿ. ತಿಕೀಟ್ ಇದ್ರ ಒಳಗ, ಇಲ್ಲಂದ್ರ ಹೊಸ ಬೀಗರ ಮುಂದ ಅಂಗಳದಾಗೇ ಎಲಿ ಹಾಕಸ್ತೀನಿ, ನೋಡು ಮತ್ತ!"

ಫೋನು ಇಟ್ಟ ಮೇಲೆ ನನಗೆ ಅವತ್ತಿನ ಊಟ ಸೇರಲಿಲ್ಲ. ಹೊಸ ಬೀಗರ ಮುಂದೆ, ಈ ವಯಸ್ಸಿನಲ್ಲಿ! ಆದದ್ದಾಗಲಿ, ಈ ಸಲ ಹೇಳಿಯೇ ಒಳಗೆ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಹಟ ಹಿಡಿಯುವುದು ಸುಲಭ, ನಾಲಗೆ ಹಿಡಿತಕ್ಕೆ ಬರಬೇಕಲ್ಲ.

ಇನ್ನು ನನ್ನ ರೊಟ್ಟಿಯ ಕತೆಗೆ ಬರಬೇಕು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಖಡಕ್ ರೊಟ್ಟಿ ಮಾಡಿಸಿ ಮಾರುತ್ತೇನೆ. ಕಾಶಮ್ಮ, ಶಾಂತಾಬಾಯಿ, ಮಹಬೂಬಿ ಎಂಬ ಮೂವರು ನನ್ನ ಜೊತೆ ಕೂತು ಬಡಿಯುತ್ತಾರೆ. ಬಡಿಯುವಾಗ ಹಾಡು ಬೇಕು. ಮೊಬೈಲನ್ನು ಖಾಲಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿದರೆ ಶೆಡ್ಡಿಗೆಲ್ಲ ಕೇಳುತ್ತದೆ. ಹಾಡಿಗೂ ರೊಟ್ಟಿಗೂ ಇರುವ ನಂಟು ನಿಮಗೆ ಗೊತ್ತಿರಲಿಕ್ಕಿಲ್ಲ. ಕುಣಿಯುವ ಹಾಡು ಹಚ್ಚಿದರೆ ಕೈ ಓಡಿ ರೊಟ್ಟಿಯ ಅಂಚು ಹರಿಯುತ್ತದೆ. ಅಳುವ ಹಾಡು ಹಚ್ಚಿದರೆ ಕೈ ಸೋತು ರೊಟ್ಟಿ ದಪ್ಪವಾಗುತ್ತದೆ. ಒಮ್ಮೆ ಇವರು ರಜೆಯ ದಿನ ಶೆಡ್ಡಿಗೆ ಬಂದು ತಮ್ಮ ಪ್ರೀತಿಯ ವಿರಹದ ಹಾಡುಗಳನ್ನು ಹಚ್ಚಿ ಹೋದರು. ಅವತ್ತಿನ ರೊಟ್ಟಿ ಒಯ್ದವರು ಮರುದಿನ ಬಂದು, "ಅಕ್ಕೋರ, ಮನಿಯಾಗ ಯಾರಿಗರ ಆರಾಮಿಲ್ಲೇನ್ರಿ?" ಎಂದು ಕೇಳಿದರು.

ಜಾಹೀರಾತಿನ ಆಟ ಶುರು ಮಾಡಿದವಳು ಕಾಶಮ್ಮ. ಒಂದು ಮಧ್ಯಾಹ್ನ ಹಾಡು ನಿಂತು ಬಣ್ಣದ ಹೆಣ್ಣುಮಗಳು ಮಾತಿಗೆ ಶುರುಮಾಡಿದಳು. ಕಾಶಮ್ಮ ಕೈ ನಿಲ್ಲಿಸಿ, "ಬಂದ್ಲು ನೋಡ್ರಿ ಮಾತಿನ ಮಲ್ಲಿ. ಈಕಿ ಮುಗಸೂದ್ರಾಗ ನಾ ಒಂದು ಒಡಪು ಹೇಳ್ತೀನಿ, ಕೇಳ್ರಿ," ಎಂದು ಹಿಟ್ಟಿನ ಕೈ ಎತ್ತಿ ಹೇಳಿಯೇಬಿಟ್ಟಳು:

"ತೊಗರಿ ಹೊಲದಾಗ ಗಿಳಿಗಳ ಸಾಲ,
ಮಲ್ಲಿನಾಥ ನಕ್ಕರ ಸಕ್ಕರಿ ಹಾಲ!"

ಮುಂದಿನ ಜಾಹೀರಾತಿಗೆ ಶಾಂತಾಬಾಯಿ ಸುಮ್ಮನಿದ್ದಾಳೆಯೇ?

"ಸೂಪರ್ ಮಾರ್ಕೆಟ್ಟಿನ್ಯಾಗ ಸೀರಿ ಕಂಡೆ ಹಸರ,
ಬಿಲ್ಲು ಯಾರಿಗೆಂದ ಅಂಗಡಿಯವ, ಹೇಳಿದೆ ಅಂಬಾರಾಯನ ಹೆಸರ!"

ಮೆಲ್ಲಗೆ ಆಟಕ್ಕೆ ನಿಯಮಗಳೂ ಹುಟ್ಟಿಕೊಂಡವು. ಜಾಹೀರಾತು ಶುರುವಾದ ಮೇಲೆ ಬಾಯಿ ತೆಗೆಯಬೇಕು, ಹಾಡು ಮತ್ತೆ ಬರುವುದರೊಳಗೆ ಹೆಸರು ಹೇಳಿ ಮುಗಿಸಬೇಕು. ಅರ್ಧಕ್ಕೆ ಸಿಕ್ಕಿಬಿದ್ದವರು ಎಲ್ಲರಿಗೂ ಚಹಾ ಮಾಡಬೇಕು. ಮಹಬೂಬಿ ಮೊದಮೊದಲು, "ನಮ್ಮಾಗ ಇದೆಲ್ಲಾ ಇಲ್ರಿ ಅಕ್ಕೋರ," ಎಂದು ದೂರ ಇದ್ದಳು. ಆಡದವರೂ ಚಹಾ ಮಾಡಬೇಕು ಎಂದು ಕಾಶಮ್ಮ ತೀರ್ಪು ಕೊಟ್ಟ ಮೇಲೆ ಅವಳಿಗೂ ಒಡಪು ಬಂತು:

"ಚಹಾದಾಗ ಶಕ್ಕರ್, ಸಾರಿನ್ಯಾಗ ಮಿರ್ಚಿ,
ಖಾಜಾಮಿಯಾ ಬಂದಾರ ಅಂದ್ರ ಖಾಲಿ ಮಾಡ್ರಿ ಕುರ್ಚಿ!"

ಗಂಡನ ಜೊತೆ ಜಗಳವಾದ ದಿನ ಒಡಪಿನ ಧಾಟಿಯೂ ಬದಲಾಗುತ್ತಿತ್ತು. ಗಿಳಿಗಳ ಸಾಲ ಹೋಗಿ ಗಿಳಿಗಳ ಕಾಟ ಆಗುತ್ತಿತ್ತು, ಸಕ್ಕರೆ ಹಾಲಿನ ಜಾಗದಲ್ಲಿ ಮಲ್ಲಿನಾಥನ ಗುಟಕಾ ಬರುತ್ತಿತ್ತು. ಕಾಶಮ್ಮನ ಮನೆಯಲ್ಲಿ ಬೆಳಿಗ್ಗೆ ಏನು ನಡೆಯಿತು ಎಂದು ನಮಗೆ ಕೇಳುವ ಕಾರಣವೇ ಇರಲಿಲ್ಲ. ಇನ್ನು ಚಹಾ ಮಾಡುವವರು ಯಾರು ಎಂದು ನಿಮಗೆ ತಿಳಿದೇ ಇರುತ್ತದೆ. ದಿನಾಲೂ ನಾನೇ. ಆದರೂ ಅಲ್ಲಿ ಒಂದು ಚಮತ್ಕಾರ ಕಂಡೆ. ಜಾಹೀರಾತಿನವಳು ನನಗಿಂತ ಜೋರಾಗಿ ಮಾತಾಡುತ್ತಿರುತ್ತಾಳೆ, ಎಲ್ಲರ ಕಿವಿ ಅರ್ಧ ಆಕಡೆ ಇರುತ್ತದೆ. ಆ ಗದ್ದಲದಲ್ಲಿ ನನಗೆ ಮೊದಲ ಸಾಲು ಬಾಯಿಗೆ ಬರತೊಡಗಿತು. ಹೆಸರಿನ ಹತ್ತಿರ ಬಂದು ನಾಲಗೆ ಅಂಟಿಕೊಳ್ಳುತ್ತಿತ್ತು, ಅಷ್ಟೇ. ಬೇಸಿಗೆಯವರೆಗೆ ಇನ್ನೂ ದಿನ ಇವೆ, ಹೀಗೇ ನಡೆದರೆ ಗೆಲ್ಲಬಹುದು ಎಂದು ಧೈರ್ಯ ಬಂತು.

ಅಷ್ಟರಲ್ಲಿ ನನ್ನ ಮಗಳು ನನಗೆ ಉಪಕಾರ ಮಾಡಿದಳು. ಒಂದು ತಿಂಗಳು ರೊಕ್ಕ ಇಲ್ಲದೆ ನೋಡಿ, ಆಮೇಲೆ ಬೇಕಾದರೆ ತೆಗೆದುಕೊಳ್ಳಿ ಎಂದು ಅವಳ ಕಂಪನಿಯವರು ಕೊಟ್ಟಿದ್ದನ್ನು ನನ್ನ ಫೋನಿಗೆ ಹಾಕಿ, ಪುಕ್ಕಟೆ ಆ್ಯಪನ್ನು ತೆಗೆದುಬಿಟ್ಟಳು. ಹಾಡು ಶುರುವಾಯಿತು. ಒಂದು ಹಾಡು, ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಎಲ್ಲ ಚಂದದ ಹಾಡುಗಳೇ. ನಾವು ನಾಲ್ವರೂ ರೊಟ್ಟಿ ಬಡಿಯುತ್ತ ಆ ಡಬ್ಬಿಯ ಕಡೆಗೇ ನೋಡುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಕಾಶಮ್ಮ ತಡೆಯಲಾರದೆ ಕೇಳಿದಳು, "ಅಕ್ಕೋರ, ಇದಕ್ಕ ಉಸಿರು ಹತ್ತಂಗಿಲ್ಲೇನ್ರಿ?"

"ಬಣ್ಣದಾಕಿ ಬರ್ಲೇ ಇಲ್ಲಲ್ರಿ ಇವತ್ತ. ಆರಾಮ ಇದಾಳೋ ಇಲ್ಲೋ," ಎಂದಳು ಶಾಂತಾಬಾಯಿ.

ಜಾಹೀರಾತು ಇಲ್ಲದೆಯೂ ಒಡಪು ಹೇಳಿ ನೋಡೋಣ ಎಂದು ಹಾಡು ನಿಲ್ಲಿಸಿ ಕೂತೆವು. ಏನೂ ಸ್ವಾರಸ್ಯ ಬರಲಿಲ್ಲ. ಅವಸರವಿಲ್ಲ, ಹೆದರಿಕೆ ಇಲ್ಲ, ಚಹಾದ ದಂಡವಿಲ್ಲ. ಶಾಂತಾಬಾಯಿ ಯೋಚಿಸಿ ಯೋಚಿಸಿ ಹೇಳಿದ ಒಡಪು ಶಾಲೆಯ ಪಾಠದ ಹಾಗೆ ಇತ್ತು. ನಾನಂತೂ ಆ ಸದ್ದಿಲ್ಲದ ಶೆಡ್ಡಿನಲ್ಲಿ ಮೊದಲ ಸಾಲನ್ನೂ ಮರೆತೆ. ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಮತ್ತೆ ಕಮಲಾಪುರದ ಹೊಸ್ತಿಲೇ ಕಣ್ಣ ಮುಂದೆ ಬಂತು.

ಮಗಳ ತಿಂಗಳು ಮುಗಿಯುವ ಮೊದಲೇ ಇವರು ತಮ್ಮದನ್ನು ತಂದು ಹಾಕಿದರು. ಅದರಲ್ಲಿ ಪರದೆಯ ಮೇಲ್ಗಡೆ ಹಾಡಿನ ಅಕ್ಷರ ಓಡುತ್ತಿದ್ದವು. ಕಾಶಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಕೂತಳು, ಹಂಚಿನ ಮೇಲೆ ರೊಟ್ಟಿ ಕರ್ರಗಾಯಿತು. ಅಲ್ಲೂ ಬಣ್ಣದವಳಿಲ್ಲ, ಸಾಬೂನಿನವಳಿಲ್ಲ, ಯಾರೂ ಇಲ್ಲ. ಮಹಬೂಬಿ ಪಲ್ಲು ಸರಿಮಾಡಿಕೊಂಡು ನೇರವಾಗಿ ಹೇಳಿದಳು, "ಅಕ್ಕೋರ, ನೀವು ಸಾಹೇಬ್ರಿಗೆ, ಬೇಬಿಗೆ ಖುಷಿ ಮಾಡ್ಲಾಕತ್ತೀರಿ. ಮದುವಿ ಸಮೀಪ ಬಂತು. ನಿಮ್ಮ ನಾದಿನಿ ಬಾಗಿಲಾಗ ನಿಂತಾಗ ಇವರಿಬ್ಬರ ಆ್ಯಪು ಬಂದು ಬಾಗಿಲ ತಗೀತಾವೇನು?"

ಅವತ್ತೇ ರಾತ್ರಿಯ ಊಟಕ್ಕೆ ಕೂತಾಗ ನಾನು ನನ್ನ ವೋಟು ಹಾಕಿದೆ. ಪುಕ್ಕಟೆಯದೇ ನನಗೆ ಬೇಕು, ಅದನ್ನೇ ಮತ್ತೆ ಹಾಕಿಕೊಡಿ ಎಂದೆ. ತುತ್ತು ಹಿಡಿದ ಕೈಗಳು ಅಲ್ಲೇ ನಿಂತವು.

"ಮಮ್ಮಿ! ಜಾಹೀರಾತು ಇಲ್ಲ ಅನ್ನೋದೇ ನಮ್ಮವುಗಳ ಹೆಚ್ಚುಗಾರಿಕಿ!"

"ಅದೇ ಅವುಗಳ ಊನ," ಎಂದೆ.

ಇವರು ಕನ್ನಡಕ ಏರಿಸಿಕೊಂಡರು. "ತೀರ್ಪು ಕೊಟ್ಟರ ಆಗಲಿಲ್ಲ. ಕಾರಣ ಕೊಡಬೇಕಾಗ್ತದ."

"ಕಾರಣ ಕಮಲಾಪುರದಾಗ ಕೊಡ್ತೀನಿ," ಎಂದೆ. ಇಷ್ಟು ವರ್ಷ ವಕೀಲರ ಜೊತೆ ಬದುಕಿದ್ದಕ್ಕೆ ಅಷ್ಟಾದರೂ ಬರಬೇಕಲ್ಲ.

ಪುಕ್ಕಟೆ ಆ್ಯಪು ಮರಳಿ ಬಂದ ದಿನ ಬಣ್ಣದವಳ ದನಿ ಕೇಳಿ ಶಾಂತಾಬಾಯಿ, "ಬಾರವ್ವಾ ತಾಯಿ, ಎಲ್ಲಿ ಹೋಗಿದ್ದಿ?" ಎಂದು ಹಿಟ್ಟಿನ ಕೈಯಿಂದಲೇ ನೆಟಿಕೆ ಮುರಿದಳು. ನನಗೆ ಅಭ್ಯಾಸ ಶುರುವಾಯಿತು. ಮೊದಲ ಸಲ ಹೆಸರು ಬಾಯಿಂದ ಹೊರಬಿದ್ದಾಗ ನಾನು ಮುಖವನ್ನು ಹಿಟ್ಟಿನ ಪರಾತದೊಳಗೇ ಇಟ್ಟಿದ್ದೆ. "ರೊಟ್ಟಿಗೆ ಕೇಳಿಸ್ತು, ನಮಗ ಕೇಳಿಸ್ಲಿಲ್ರಿ," ಎಂದಳು ಕಾಶಮ್ಮ. ಎರಡನೆಯ ಸಲ ಸ್ವಲ್ಪ ಗಟ್ಟಿಯಾಯಿತು. ಆಮೇಲೊಂದು ದಿನ ಎಷ್ಟು ಗಟ್ಟಿಯಾಯಿತೆಂದರೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ವಕೀಲ್ ಸಾಹೇಬ್ರನ್ನ ಕರದ್ರೇನ್ರಿ? ಅವರು ಕೋರ್ಟಿಗೆ ಹೋಗ್ಯಾರಲ್ಲ," ಎಂದರು. ಅವತ್ತು ಚಹಾ ಮಾಡಿದವಳು ನಾನಲ್ಲ. ಕಾಶಮ್ಮ ಮಾಡಿದ ಆ ಚಹಾ ನಾನು ಕುಡಿದ ಚಹಾಗಳಲ್ಲೇ ಒಳ್ಳೆಯದು, ಸಕ್ಕರೆ ಹಾಕಲು ಅವಳು ಮರೆತಿದ್ದರೂ.

ಮದುವೆಗೆ ರೊಟ್ಟಿ ನಮ್ಮದೇ. ಹಿಂದಿನ ದಿನವೇ ಕಾಶಮ್ಮ, ಶಾಂತಾಬಾಯಿ, ಮಹಬೂಬಿ ರೊಟ್ಟಿಯ ಬುಟ್ಟಿಗಳ ಜೊತೆ ಟೆಂಪೋದಲ್ಲಿ ಹೋಗಿದ್ದರು. ಮರುದಿನ ಬೆಳಿಗ್ಗೆ ನಾವು ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅಪ್ಪ ಮಗಳು ಕಾರಿನ ಸ್ಪೀಕರಿಗೆ ಯಾರ ಫೋನು ಎಂದು ಕಚ್ಚಾಡಿದರು. ಒಂದು ಹಾಡು ಅವರದು, ಒಂದು ಹಾಡು ಇವಳದು. ಹಿಂದಿನ ಸೀಟಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ತುಟಿ ಆಡಿಸುತ್ತ ಕೂತಿದ್ದೆ. "ಮಮ್ಮಿ ಏನೋ ಮಂತ್ರ ಹೇಳ್ಲಾಕತ್ತಾಳ," ಎಂದಳು ಸ್ನೇಹಾ.

ಹಂದರದ ಕಂಬಗಳಿಗೆಲ್ಲ ಕೆಂಪು ಬಾಳೆಯ ಗೊನೆ ಕಟ್ಟಿದ್ದರು. ಬಾಗಿಲ ಹತ್ತಿರ ಹೋಗುತ್ತಲೂ ಸುಲೋಚನಾ ಎದ್ದು ಬಂದಳು. ಎರಡು ಜಡೆಯ ಹುಡುಗಿ ಈಗ ಬಾಗಿಲ ತುಂಬ ಇದ್ದಾಳೆ. ಕೈ ಚಾಚುವ ಅಗತ್ಯವೇ ಇಲ್ಲ, ಆದರೂ ಚಾಚಿದಳು.

"ಬರ್ರಿ ಬೀಗರ, ನೋಡಬರ್ರಿ! ನಮ್ಮ ತಿಕೀಟಿಲ್ಲದ ವೈನಿ ಬಂದಾಳ. ಇವತ್ತ ಬಿಡಂಗಿಲ್ಲ!"

ಜನ ಕೂಡಿದರು. ಬ್ಯಾಂಡಿನವರೂ ನಿಲ್ಲಿಸಿ ನೋಡಿದರು. ಹೊಸ ಬೀಗರ ಹೆಂಗಸರು ಸಾಲಾಗಿ ನಿಂತರು. ಎಲ್ಲ ಸುಮ್ಮನಾಯಿತು, ನನಗೆ ಬೇಡವಾದದ್ದೇ ಅದು. ನಾನು ಬಾಯಿ ತೆರೆದೆ. ದೇವರಾಣೆ, ಗಾಳಿಯೇ ಬಂತು. ಮೂವತ್ತು ವರ್ಷದ ಹಿಂದಿನ ಅದೇ ಗಾಳಿ. ಸುಲೋಚನಾಳ ಮುಖದಲ್ಲಿ ನಗು ಅರಳತೊಡಗಿತು. ಇವರು ನನ್ನ ಹಿಂದೆ ನಿಂತು ಮೆಲ್ಲಗೆ ಕೆಮ್ಮಿದರು. ಕಣ್ಣು ತುಂಬಿ ಬಂತು ನನಗೆ, ಮುಗಿಯಿತು ಎಂದುಕೊಂಡೆ.

ಆಗ ಜನರ ಹಿಂದಿನಿಂದ, ರೊಟ್ಟಿ ಬುಟ್ಟಿಗಳ ಕಡೆಯಿಂದ, ಪುಸ್ತಕದ ಕನ್ನಡದಲ್ಲಿ ಒಂದು ದನಿ ಎದ್ದಿತು. "ನಮಸ್ಕಾರ! ನಿಮ್ಮ ಮನೆಯ ಗೋಡೆಗೆ ಯಾವ ಬಣ್ಣ ಹಚ್ಚಿಸಿದ್ದೀರಿ? ಮಳೆ ಬಂದರೂ ಮಾಸದ, ಬಿಸಿಲು ಬಂದರೂ ಬಾಡದ..." ಮಹಬೂಬಿ! ಒಂದಕ್ಷರ ತಪ್ಪದೆ, ಆ ಹೆಣ್ಣುಮಗಳ ರಾಗದಲ್ಲೇ ಹೇಳುತ್ತಿದ್ದಳು. ಜನರೆಲ್ಲ ಅವಳ ಕಡೆ ತಿರುಗಿದರು. ನನ್ನ ಕೈ ತಾನೇ ಹೋಗಿ ಸೆರಗನ್ನು ಸೊಂಟಕ್ಕೆ ಸಿಗಿಸಿತು, ನಾಲಗೆ ತಾನೇ ಎದ್ದಿತು:

"ಕಮಲಾಪುರದ ಬಾಳಿ, ಕಲಬುರಗಿ ಬ್ಯಾಳಿ,
ಶಿವಶರಣಪ್ಪನವರ ಹೇಣ್ತಿ ಬಂದಾಳ,
ಸರಿ ನಾದಿನಿ, ಒಳಗ ಬರಲಿ ಗಾಳಿ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹೊಸ ಬೀಗಿತಿಯೇ ಮೊದಲು ನಕ್ಕಳು, ಅದರ ಹಿಂದೆ ಇಡೀ ಹಂದರ ನಕ್ಕಿತು. ಬ್ಯಾಂಡಿನವರು ಡೋಲು ಬಾರಿಸಿಬಿಟ್ಟರು. ಬಾಗಿಲ ತುಂಬ ಇದ್ದ ಸುಲೋಚನಾ ನಕ್ಕು ನಕ್ಕು ಬಾಗಿಲಿಗೇ ಒರಗಿ, ಕಣ್ಣೊರೆಸಿಕೊಂಡು, ನನ್ನನ್ನು ತಬ್ಬಿದಳು. "ಎಲಾ ವೈನಿ! ಈ ಬಾಯಿ ಇಷ್ಟು ವರ್ಷ ಎಲ್ಲಿಟ್ಟಿದ್ದಿ? ಒಳಗ ಬಾರವ್ವಾ, ಬಾ!" ಎಂದಳು. ನಾನು ಬಲಗಾಲಿಟ್ಟು ಒಳಗೆ ಹೋದೆ. ಆಗ ನನಗೆ ಏನನಿಸಿತು ಗೊತ್ತೇ? ವಿನಯದ ಮಾತೆಲ್ಲ ಆಚೆ ಇರಲಿ, ಗೆದ್ದೆ ಅನಿಸಿತು. ಹಾರಿ ಕುಣಿಯಬೇಕು ಅನಿಸಿತು.

ಕುಣಿಯಲಿಲ್ಲ. ಅದಕ್ಕಿಂತ ಒಳ್ಳೆಯ ಕೆಲಸ ಮಾಡಿದೆ. ಹೊಸ್ತಿಲ ಒಳಗೆ ನಿಂತು, ತಿರುಗಿ, ಸುಲೋಚನಾಳ ಪಕ್ಕದಲ್ಲಿ ನಾನೂ ಕೈ ಅಡ್ಡ ಹಿಡಿದೆ. ಇವರು ಚಪ್ಪಲಿ ಬಿಟ್ಟು ಒಳಗೆ ಬರಲು ಕಾಲೆತ್ತಿದ್ದರು.

"ಇನ್ನ ನಿಮ್ಮ ಪಾಳಿ," ಎಂದೆ.

"ಹೌದು ಅಣ್ಣಾ! ವೈನಿ ಹೆಸರು ಹೇಳು, ಒಡಪಿನ್ಯಾಗ," ಎಂದು ಸುಲೋಚನಾ ಕುಪ್ಪಳಿಸಿದಳು. ಅವಳಿಗೆ ಬಾಗಿಲು ತಡೆಯುವುದೊಂದೇ ಬೇಕು, ಯಾರನ್ನು ಎಂಬುದು ಮುಖ್ಯವಲ್ಲ.

ಕೋರ್ಟಿನಲ್ಲಿ ದಿನವೆಲ್ಲ ಮಾತಾಡುವ ಮನುಷ್ಯ ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. "ಜಗದೇವಿ..." ಎಂದರು. ಬರೀ ಹೆಸರು ನಡೆಯುವುದಿಲ್ಲ, ಪ್ರಾಸ ಬೇಕು ಎಂದು ಬೀಗರ ಕಡೆಯವರು ಗಲಾಟೆ ಎಬ್ಬಿಸಿದರು. ಬೆವರು ಒರೆಸಿಕೊಂಡು ಇವರು ಸುತ್ತ ನೋಡಿದರು. ಮಗಳು ತನ್ನ ಫೋನಿನಲ್ಲಿ ಅಪ್ಪನನ್ನು ಚಿತ್ರ ಹಿಡಿಯುತ್ತಿದ್ದಳೇ ಹೊರತು ಸಹಾಯಕ್ಕೆ ಬರಲಿಲ್ಲ. ಕೊನೆಗೆ ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು.

"ಸುಲು, ಒಂದು ತಾರೀಖು ಕೊಡು," ಎಂದರು.

ಸುಲೋಚನಾ ನಾಗರ ಪಂಚಮಿಯ ತಾರೀಖು ಕೊಟ್ಟಳು. ಹಬ್ಬಕ್ಕೆ ಅಣ್ಣ ಬಂದಾಗ ಹೊಸ್ತಿಲಲ್ಲಿ ವಿಚಾರಣೆ ಎಂದು ಎಲ್ಲರೆದುರು ಸಾರಿದಳು. ಅಲ್ಲಿಯವರೆಗೆ ಜಾಮೀನಿನ ಮೇಲೆ ಒಳಗೆ ಬಿಟ್ಟಳಾದರೂ, ಊಟಕ್ಕೆ ಅವರ ಎಲೆ ಹಾಕಿಸಿದ್ದು ಅಂಗಳದಲ್ಲೇ. ನಾನು ಒಳಗಿನ ಪಡಸಾಲೆಯಲ್ಲಿ ಹೊಸ ಬೀಗಿತಿಯ ಪಕ್ಕದಲ್ಲಿ ಕೂತು, ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡು ಉಂಡೆ. ಮಹಬೂಬಿಗೆ ಸುಲೋಚನಾಳೇ ನಿಂತು ಬಡಿಸಿದಳು.

ಕಲಬುರಗಿಗೆ ಮರಳಿದ ಮೇಲೆ ಮನೆಯಲ್ಲಿ ಆ್ಯಪಿನ ಮಾತೇ ನಿಂತಿತು. ಮಗಳು ತನ್ನದನ್ನು ತಾನಿಟ್ಟುಕೊಂಡಳು, ಇವರು ತಮ್ಮದನ್ನು ತಾವಿಟ್ಟುಕೊಂಡರು. ಮಳೆಗಾಲ ಹಿಡಿಯುತ್ತಿದ್ದಂತೆ ಒಂದು ರವಿವಾರ ಮಧ್ಯಾಹ್ನ ನಾವು ರೊಟ್ಟಿ ಬಡಿಯುತ್ತಿರುವಾಗ ಇವರು ಒಂದು ಕುರ್ಚಿ ಹಿಡಿದುಕೊಂಡು ಶೆಡ್ಡಿಗೆ ಬಂದರು. ಮಹಬೂಬಿ ನನ್ನ ಕಡೆ ನೋಡಿದಳು, ಕಾಶಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಸುಮ್ನ ಹಾಡು ಕೇಳೋಣಂತ ಬಂದೆ," ಎಂದು ಇವರು ತಮ್ಮ ಫೋನನ್ನು ನನ್ನ ಡಬ್ಬಿಯಲ್ಲಿ ನಿಲ್ಲಿಸಿ ತಮ್ಮ ಆ್ಯಪು ಹಚ್ಚಿದರು. ಸ್ವಚ್ಛ ದನಿಯ ಹಾಡು ಒಂದರ ಬೆನ್ನಿಗೊಂದು ಬರತೊಡಗಿತು. ಇವರು ಬೆರಳಿನಿಂದ ತೊಡೆ ತಟ್ಟುತ್ತ, ತಮ್ಮಷ್ಟಕ್ಕೇ ಗುನುಗುತ್ತ ಕೂತಿದ್ದರು. "ಜಗದೇವಿ... ಕಾದೀವಿ... ಓದೀವಿ..." ಎಂಬಂತೆ ಏನೋ ಕೇಳಿಸಿತು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಹಾಡು ಅಡ್ಡ ಬರುತ್ತಿತ್ತು, ಹಾಡು ನಿಲ್ಲಿಸಿದರೆ ನಾವೆಲ್ಲ ಬಾಯಿ ನೋಡುತ್ತಿದ್ದೆವು. ಹೀಗೇ ಬಹಳ ಹೊತ್ತು ನಡೆಯಿತು.

"ಏನಿದು, ಇದರಾಗ ನಡುವ ಒಂದೂ ಜಾಹೀರಾತು ಬರವಲ್ದು?" ಎಂದರು ಕೊನೆಗೆ.

"ನೀವೇ ರೊಕ್ಕ ಕೊಟ್ಟು ಬಂದ್ ಮಾಡ್ಸೀರಲ್ಲ," ಎಂದೆ ನಾನು, ರೊಟ್ಟಿಯ ಮೇಲಿನ ಕಣ್ಣು ತೆಗೆಯದೆ.

ಇವರು ಎದ್ದು, ಡಬ್ಬಿಯಿಂದ ತಮ್ಮ ಫೋನು ತೆಗೆದು ಜೇಬಿಗೆ ಹಾಕಿಕೊಂಡು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ನಿನ್ನ ಪುಕ್ಕಟೆದೇ ಹಚ್ಚು ಅತ್ಲಾಗ. ಪಂಚಮಿ ಸಮೀಪ ಬಂತು."

ಸೋತರೆ ಚಹಾ ಮಾಡಬೇಕಾಗುತ್ತದೆ ಎಂದು ಮೊದಲೇ ಹೇಳಿ, ಹಚ್ಚಿದೆ.